ಡಯಾಲಿಸಿಸ್‌ನಲ್ಲಿ ಇರುವವರ ರಕ್ತನಾಳ: ಕಾಲುಚೀಲ ಬಿಚ್ಚಿಸಿ ನೋಡಬೇಕಾದ ವಿಷಯ

ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾದರೆ ಸಾಕು, ಎಲ್ಲರಿಗೂ ಒಂದಷ್ಟು ನಂಬರ್ ಬಾಯಿಪಾಠ ಆಗಿಬಿಡುತ್ತದೆ. ತೂಕ ಎಷ್ಟು ಏರಿತು, ಪೊಟ್ಯಾಸಿಯಂ ಎಷ್ಟು, ಹಿಮೋಗ್ಲೋಬಿನ್ ಎಷ್ಟು. ನಾನು ಮುಂಬೈ ಉಪನಗರದ ಒಂದು ಡಯಾಲಿಸಿಸ್ ಘಟಕದಲ್ಲಿ ನರ್ಸ್. ಡೊಂಬಿವಲಿಯಿಂದ ಬರುವ ಅಮ್ಮಂದಿರಿರಲಿ, ಮೀರಾರೋಡ್‌ನಿಂದ ಬರುವ ಹೋಟೆಲ್ ಮಾವಂದಿರಿರಲಿ, ಈ ನಂಬರ್‌ಗಳನ್ನು ನನಗಿಂತ ಬೇಗ ಹೇಳುತ್ತಾರೆ. ಆದರೆ "ಪಾದದ ನಾಡಿ ಕೊನೆಯ ಸಲ ಯಾರು ಮುಟ್ಟಿ ನೋಡಿದರು?" ಎಂದು ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ.

ಇದನ್ನು ಯಾಕೆ ಕೇಳುತ್ತೇನೆ ಅಂದರೆ, ಡಯಾಲಿಸಿಸ್‌ನಲ್ಲಿ ಇರುವವರ ಪ್ರಾಣಕ್ಕೆ ಹೆಚ್ಚಾಗಿ ಕುತ್ತು ತರುವುದು ಕಿಡ್ನಿ ಅಲ್ಲ. ಹೃದಯ ಮತ್ತು ರಕ್ತನಾಳದ ಕಾಯಿಲೆ. ಕಿಡ್ನಿಯ ಕೆಲಸವನ್ನು ಮೆಷಿನ್ ಅಷ್ಟೋ ಇಷ್ಟೋ ಮಾಡಿಕೊಡುತ್ತದೆ. ರಕ್ತನಾಳಕ್ಕೆ ಅಂಥ ಮೆಷಿನ್ ಇಲ್ಲ.

ನಾಳಗಳಲ್ಲಿ ಆಗುವ ಕೆಟ್ಟದ್ದು ಎರಡು ಬಗೆ. ಒಂದು ಎಲ್ಲರಿಗೂ ಗೊತ್ತಿರುವುದು: ಒಳಪದರದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು ಇದ್ದವರಿಗೆ ಇದು ಕಿಡ್ನಿ ಕೆಡುವ ಮೊದಲೇ ಶುರುವಾಗಿರುತ್ತದೆ. ಇನ್ನೊಂದು ಕಿಡ್ನಿ ಕೆಟ್ಟವರಲ್ಲಿ ಬಹಳ ಜಾಸ್ತಿ: ನಾಳದ ಗೋಡೆಯ ನಡುಪದರದಲ್ಲಿ ಸುಣ್ಣ ಕಟ್ಟುವುದು. ರಕ್ತದಲ್ಲಿ ಫಾಸ್ಫರಸ್ ಏರಿ ನಿಂತಾಗ ಗೋಡೆಯ ಸ್ನಾಯುಕೋಶಗಳು ತಮ್ಮ ಕೆಲಸ ಬಿಟ್ಟು ಮೂಳೆಯ ಕೋಶಗಳ ಹಾಗೆ ವರ್ತಿಸಲು ಶುರು ಮಾಡುತ್ತವೆ. ನಾಳ ಗಟ್ಟಿಯಾಗುತ್ತದೆ. ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ, ಹೃದಯಕ್ಕೆ ಹೊರೆ ಜಾಸ್ತಿಯಾಗುತ್ತದೆ. ನಮ್ಮ ಪೇಷಂಟ್‌ಗಳಲ್ಲಿ ಹೆಚ್ಚಿನವರಿಗೆ ಎರಡೂ ಬೆರೆತಿರುತ್ತವೆ.

ತೊಂದರೆ ಏನೆಂದರೆ ಇವರಲ್ಲಿ "ನನಗೇನೂ ನೋವಿಲ್ಲ" ಅನ್ನುವುದನ್ನೂ ನಂಬುವಂತಿಲ್ಲ, "ರಿಪೋರ್ಟ್ ನಾರ್ಮಲ್" ಅನ್ನುವುದನ್ನೂ ಪೂರ್ತಿ ನಂಬುವಂತಿಲ್ಲ. ನಡೆಯುವುದೇ ಕಮ್ಮಿ ಆದ್ದರಿಂದ ನಡೆದಾಗ ಬರುವ ನೋವು ಬರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ನರ ಮಂದವಾಗಿದ್ದರೆ ಗಾಯವೂ ಗೊತ್ತಾಗುವುದಿಲ್ಲ. ಹಾಗಾಗಿ ನಾವೇ ಹುಡುಕಿಕೊಂಡು ಹೋಗಬೇಕು. ಹೇಗೆ ಅನ್ನುವುದನ್ನು ನಾನು ಮನೆಯವರಿಗೆ ಹೇಳಿಕೊಡುವ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಹಳೆಯ ಫೈಲ್ ತೆಗೆಯಿರಿ

ಹೊಸ ಟೆಸ್ಟ್‌ಗೆ ದುಡ್ಡು ಕೊಡುವ ಮೊದಲು ಮನೆಯಲ್ಲಿ ಇರುವುದನ್ನು ನೋಡಿ. ಡಯಾಲಿಸಿಸ್ ಪೇಷಂಟ್‌ನ ಮನೆಯಲ್ಲಿ ಎಕ್ಸ್‌ರೇ, ಸೊನೋಗ್ರಫಿ, ಸಿಟಿ ರಿಪೋರ್ಟ್‌ಗಳ ಗಂಟೇ ಇರುತ್ತದೆ, ಅಲ್ವಾ? ಯಾವಾಗಲೋ ಕೆಮ್ಮಿಗೆ ಎದೆಯ ಎಕ್ಸ್‌ರೇ, ಬಿದ್ದಾಗ ಪಾದದ ಎಕ್ಸ್‌ರೇ, ಕಲ್ಲಿನ ಅನುಮಾನಕ್ಕೆ ಹೊಟ್ಟೆಯ ಸಿಟಿ. ಇವುಗಳ ರಿಪೋರ್ಟ್‌ನ ಕೊನೆಯ ಸಾಲುಗಳಲ್ಲಿ "ವ್ಯಾಸ್ಕ್ಯುಲರ್ ಕ್ಯಾಲ್ಸಿಫಿಕೇಶನ್", "ಅಯೋರ್ಟಿಕ್ ಕ್ಯಾಲ್ಸಿಫಿಕೇಶನ್", "ಅಥೆರೋಮ್ಯಾಟಸ್ ಚೇಂಜಸ್" ಎಂಬ ಮಾತು ಇದೆಯೇ ಹುಡುಕಿ. ನಾಳದಲ್ಲಿ ಸುಣ್ಣ ಅಥವಾ ಕೊಬ್ಬು ಕಟ್ಟಿದೆ ಎಂದು ಇವುಗಳ ಅರ್ಥ. ರೇಡಿಯಾಲಜಿಸ್ಟ್ ಕಂಡದ್ದನ್ನು ಬರೆದಿರುತ್ತಾರೆ. ಆದರೆ ಅವತ್ತಿನ ಪ್ರಶ್ನೆ ಕೆಮ್ಮಿನದ್ದೋ ಮುರಿತದ್ದೋ ಆದ್ದರಿಂದ ಆ ಸಾಲನ್ನು ಯಾರೂ ಎತ್ತಿ ಹೇಳಿರುವುದಿಲ್ಲ. ಮಹಿಳೆಯರ ಮ್ಯಾಮೋಗ್ರಫಿಯಲ್ಲೂ ನಾಳದ ಸುಣ್ಣ ಕಾಣುತ್ತದೆ. ಅಂಥ ಸಾಲು ಸಿಕ್ಕರೆ ಪೆನ್ನಿನಲ್ಲಿ ಗೆರೆ ಎಳೆದು ಕಿಡ್ನಿ ಡಾಕ್ಟರಿಗೆ ತೋರಿಸಿ. ಖರ್ಚಿಲ್ಲದೆ ಸಿಗುವ ಮಾಹಿತಿ ಇದು.

ಹಳೆಯ ಫಿಲ್ಮ್ ಇಲ್ಲದವರು ಡಾಕ್ಟರನ್ನು ಕೇಳಿ ಹೊಟ್ಟೆಯ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸಿಕೊಳ್ಳಬಹುದು. ಬೆನ್ನುಮೂಳೆಯ ಮುಂದೆ ಇಳಿಯುವ ಮಹಾಧಮನಿಯಲ್ಲಿ ಸುಣ್ಣ ಇದ್ದರೆ ಬಿಳಿ ಗೆರೆಯಾಗಿ ಕಾಣುತ್ತದೆ. ಕಿಡ್ನಿ ಕಾಯಿಲೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಕೆಡಿಗೋ, ಸಿಟಿ ಬದಲು ಈ ಸಾದಾ ಎಕ್ಸ್‌ರೇ ಸಾಕಾಗುತ್ತದೆ ಎನ್ನುತ್ತದೆ. ಹೃದಯದ ಕವಾಟದಲ್ಲಿ ಸುಣ್ಣ ಇದೆಯೇ ನೋಡಲು ಎಕೋ, ಅಂದರೆ ಹೃದಯದ ಸೊನೋಗ್ರಫಿ, ಸಾಕು.

ಪಾದ ನೋಡುವ ಕ್ರಮ

ಡಯಾಲಿಸಿಸ್ ಇಲ್ಲದ ದಿನ, ಒಳ್ಳೆಯ ಬೆಳಕಿನಲ್ಲಿ. ಪೇಷಂಟ್ ಮಂಚದ ಮೇಲೆ ಮಲಗಲಿ, ಎರಡೂ ಕಾಲು ಮಂಡಿಯವರೆಗೆ ಬರಿದಾಗಲಿ. ನಮ್ಮ ಹಿರಿಯರು ಸೊಸೆ ಕಾಲು ಮುಟ್ಟುವುದು ಬೇಡ ಅಂತ ಸಂಕೋಚ ಪಡುತ್ತಾರೆ. ಪಡಲಿ, ಆದರೂ ಮುಟ್ಟಿ.

ಎರಡು ಪಾದಗಳನ್ನು ಪಕ್ಕಪಕ್ಕ ಹೋಲಿಸುವುದೇ ಇಲ್ಲಿನ ಗುಟ್ಟು. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ? ಚರ್ಮ ತೆಳ್ಳಗಾಗಿ ಹೊಳೆಯುತ್ತಿದೆಯೇ? ಮೊಣಕಾಲ ಕೆಳಗಿನ ಕೂದಲು ಉದುರಿದೆಯೇ? ಉಗುರು ದಪ್ಪಗಾಗಿ ಬೆಳೆಯುವುದೇ ನಿಂತಿದೆಯೇ? ಹೆಬ್ಬೆರಳ ತುದಿಯನ್ನು ಬಿಳಿಚುವವರೆಗೆ ಒತ್ತಿ ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಆಮೇಲೆ ಕಾಲನ್ನು ಮೇಲೆತ್ತಿ ಒಂದು ನಿಮಿಷ ಹಿಡಿಯಿರಿ, ಮತ್ತೆ ಮಂಚದಿಂದ ಕೆಳಗೆ ಇಳಿಬಿಡಿ. ಎತ್ತಿದಾಗ ಪಾದ ಬಿಳಿಚಿಕೊಂಡು, ಇಳಿಬಿಟ್ಟಾಗ ಕಡುಗೆಂಪಾದರೆ ರಕ್ತ ಸರಿಯಾಗಿ ತಲುಪುತ್ತಿಲ್ಲ ಎಂದು ಅರ್ಥ. ನಮ್ಮ ಕಪ್ಪು ಚರ್ಮದಲ್ಲಿ ಇದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅಂಗಾಲು ಮತ್ತು ಬೆರಳ ತುದಿಯನ್ನೇ ನೋಡಿ.

ಈಗ ನಾಡಿ. ಪೇಷಂಟ್‌ಗೆ ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿ. ಪಾದದ ಮೇಲೆ ಒಂದು ಸ್ನಾಯುರಜ್ಜು ಹಗ್ಗದ ಹಾಗೆ ಎದ್ದು ನಿಲ್ಲುತ್ತದೆ. ಅದರ ಹೊರಬದಿಗೆ, ಪಾದದ ನಡುಭಾಗದಲ್ಲಿ ಎರಡು ಬೆರಳನ್ನು ಹಗುರಾಗಿ ಇಡಿ. ಜೋರಾಗಿ ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ, ನಿಮ್ಮದೇ ಬೆರಳಿನ ಮಿಡಿತ ಕೇಳಿಸಲು ಶುರುವಾಗುತ್ತದೆ. ಇನ್ನೊಂದು ನಾಡಿ ಪಾದದ ಒಳಬದಿಯ ಗಂಟಿನ ಹಿಂದೆ, ಹಿಮ್ಮಡಿ ಕಡೆಗೆ ಇರುವ ಕುಳಿಯಲ್ಲಿ. ಮೊದಲು ನಿಮ್ಮ ಕಾಲಿನಲ್ಲೇ ಹುಡುಕಿ ಅಭ್ಯಾಸ ಮಾಡಿಕೊಳ್ಳಿ. ಪಾದದ ಮೇಲಿನ ನಾಡಿ ಕೆಲವು ಆರೋಗ್ಯವಂತರಲ್ಲೂ ಹುಟ್ಟಿನಿಂದಲೇ ಸಿಗುವುದಿಲ್ಲ. ಡಯಾಲಿಸಿಸ್‌ನವರಲ್ಲಿ ಬಾವು ಇದ್ದರೆ ಇನ್ನೂ ಕಷ್ಟ. ಹಾಗಾಗಿ ಸಿಗಲಿಲ್ಲ ಅಂತ ಗಾಬರಿ ಬೇಡ. ಒಂದು ಕಾಲಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದಿದ್ದರೆ, ಅಥವಾ ಎರಡೂ ಜಾಗದಲ್ಲಿ ಸಿಗದಿದ್ದರೆ ಬರೆದಿಟ್ಟುಕೊಂಡು ಮುಂದಿನ ಸಲ ಡಾಕ್ಟರಿಗೆ ಹೇಳಿ.

ಕೊನೆಗೆ ಹಿಮ್ಮಡಿ ಮತ್ತು ಬೆರಳ ಸಂದು. ಹಿಮ್ಮಡಿಯನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ಗಂಟೆ ಕಾಲು ಚಾಚಿ ಕೂತರೆ ಇಡೀ ಕಾಲಿನ ಭಾರ ಹಿಮ್ಮಡಿಯ ಒಂದು ಚುಕ್ಕೆಯ ಮೇಲೆ. ಅದೇ ಹೊತ್ತಿನಲ್ಲಿ ಮೈಯಿಂದ ನೀರು ತೆಗೆಯುತ್ತಿರುವುದರಿಂದ ಪಾದಕ್ಕೆ ಹೋಗುವ ರಕ್ತವೂ ಕಮ್ಮಿಯಾಗುತ್ತದೆ. ರಕ್ತನಾಳ ಆಗಲೇ ಕೆಟ್ಟಿದ್ದರೆ ಅಲ್ಲೇ ಕಪ್ಪು ಕಲೆ ಏಳುವುದು. ಮೀನಖಂಡದ ಕೆಳಗೆ ಒಂದು ಸಣ್ಣ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ಇರುವ ಹಾಗೆ ಮಾಡಿ. ನಿಮ್ಮ ಘಟಕದಲ್ಲಿ ದಿಂಬು ಇಲ್ಲದಿದ್ದರೆ ಮನೆಯಿಂದ ತನ್ನಿ. ಯಾರೂ ಬೇಡ ಅನ್ನುವುದಿಲ್ಲ.

ಎಷ್ಟು ದಿನಕ್ಕೊಮ್ಮೆ? ಮನೆಯಲ್ಲಿ ವಾರಕ್ಕೊಮ್ಮೆ ಪೂರ್ತಿ ನೋಡಿ. ಸಕ್ಕರೆ ಕಾಯಿಲೆ ಇದ್ದರೆ ದಿನಾ ಒಂದು ಕಣ್ಣು ಹಾಯಿಸಿ. ಸಕ್ಕರೆ ಕಾಯಿಲೆಯ ಜೊತೆ ಕಿಡ್ನಿಯೂ ಪೂರ್ತಿ ಸೋತು, ಪಾದದ ಸ್ಪರ್ಶ ಮಂದವಾಗಿದ್ದರೆ ಅಥವಾ ರಕ್ತ ಓಡಾಟ ಕಮ್ಮಿ ಇದ್ದರೆ, ಪಾದದ ತಜ್ಞರ ಅಂತರರಾಷ್ಟ್ರೀಯ ಸೂಚಿ ಅವರನ್ನು ಅತಿ ಅಪಾಯದ ಗುಂಪಿಗೆ ಹಾಕುತ್ತದೆ. ಅವರಿಗೆ 1ರಿಂದ 3 ತಿಂಗಳಿಗೊಮ್ಮೆ ತರಬೇತಿ ಪಡೆದವರಿಂದಲೇ ಪಾದ ಪರೀಕ್ಷೆ ಆಗಬೇಕು.

ಮುಂಬೈ ಮಳೆಗಾಲದ ಮಾತು ಬೇರೆಯೇ. ಸಯನ್, ಹಿಂದ್‌ಮಾತಾ ಕಡೆ ಮೊಣಕಾಲುದ್ದ ನೀರಿನಲ್ಲಿ ಚಪ್ಪಲಿ ಹಾಕಿಕೊಂಡು ಡಯಾಲಿಸಿಸ್‌ಗೆ ಬಂದವರನ್ನು ನೋಡಿದ್ದೇನೆ. ಬರಲೇಬೇಕು, ತಪ್ಪಿಸುವಂತಿಲ್ಲ. ಆದರೆ ಬಂದ ಕೂಡಲೇ ಕಾಲು ತೊಳೆದು, ಬೆರಳ ಸಂದು ಒರೆಸಿ, ಗೀರು ಇದೆಯೇ ನೋಡಲು ನಮಗೆ ಹೇಳಿ. ಕಾಲು ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಡಬೇಡಿ. ಸ್ಪರ್ಶ ಇಲ್ಲದ ಪಾದ ಬೆಂದರೂ ಗೊತ್ತಾಗುವುದಿಲ್ಲ. ಉಲ್ಲನ್ ಕಾಲುಚೀಲ ಸಾಕು.

ಕಾಲು ನೋವು ಯಾವುದು, ಯಾವಾಗ

ಡಯಾಲಿಸಿಸ್‌ನವರಿಗೆ ಕಾಲು ನೋವು ಹತ್ತು ಬಗೆ. ಎಲ್ಲವನ್ನೂ "ಕ್ಯಾಲ್ಸಿಯಂ ಕಮ್ಮಿ" ಎಂದು ತಳ್ಳಿಹಾಕುವ ಅಭ್ಯಾಸ ನಮ್ಮವರಿಗಿದೆ. ಬೇರ್ಪಡಿಸುವುದು ಅಷ್ಟು ಕಷ್ಟವಲ್ಲ.

ಡಯಾಲಿಸಿಸ್‌ನ ಕೊನೆಯ ಗಂಟೆಯಲ್ಲಿ ಕೂತಲ್ಲೇ ಮೀನಖಂಡ ಹಿಡಿದು ಎಳೆದರೆ ಅದು ಹೆಚ್ಚಾಗಿ ನೀರು ಬೇಗ ತೆಗೆದದ್ದರಿಂದ ಬಂದ ಸೆಡೆತ. ರಾತ್ರಿ ಮಲಗಿದಾಗ ಕಾಲು ಆಡಿಸಬೇಕು ಅನ್ನುವ ತಳಮಳ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಾಯೆನಿಸಿದರೆ ಅದು ರೆಸ್ಟ್‌ಲೆಸ್ ಲೆಗ್ಸ್. ಡಯಾಲಿಸಿಸ್‌ನಲ್ಲಿ ಇದು ಮಾಮೂಲು. ನಡೆದಾಗ ನೋವು ಬಂದು, ಕೂತರೆ ಅಥವಾ ಮುಂದೆ ಬಗ್ಗಿದರೆ ಮಾತ್ರ ಹೋಗುವುದಾದರೆ ಬೆನ್ನುಮೂಳೆಯ ತೊಂದರೆ ಇರಬಹುದು.

ರಕ್ತನಾಳದ ನೋವು ಬೇರೆ. ಒಂದಷ್ಟು ದೂರ ನಡೆದ ಮೇಲೆ ಬರುತ್ತದೆ. ಸುಮ್ನೆ ನಿಂತರೂ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತದೆ. ಮುಂಬೈಯಲ್ಲಿ ಇದನ್ನು ಅಳೆಯಲು ಬೇರೆ ಸಾಧನ ಬೇಡ, ಸ್ಟೇಷನ್ ಬ್ರಿಡ್ಜ್ ಇದೆಯಲ್ಲ. ಮೊದಲು ನಿಲ್ಲದೆ ಹತ್ತುತ್ತಿದ್ದವರು ಈಗ ಅರ್ಧಕ್ಕೆ ನಿಂತು ಮೊಬೈಲ್ ನೋಡುವ ನಾಟಕ ಮಾಡುತ್ತಿದ್ದಾರೆಯೇ? ಕಾಲಿಗಾಗಿ ನಿಂತದ್ದೋ, ಉಸಿರಿಗಾಗಿ ನಿಂತದ್ದೋ ಕೇಳಿ. ಎರಡೂ ಮುಖ್ಯವೇ, ಆದರೆ ತೋರಿಸುವ ಡಾಕ್ಟರ್ ಬೇರೆ. ಓಡಾಟವೇ ಇಲ್ಲದವರು ಬಿಲ್ಡಿಂಗ್ ಗೇಟಿನಿಂದ ಒಂದು ಗುರುತಿನ ಜಾಗದವರೆಗೆ ತಿಂಗಳಿಗೊಮ್ಮೆ ನಡೆದು, ಎಲ್ಲಿ ನಿಲ್ಲಬೇಕಾಯಿತು ಎಂದು ಬರೆದಿಡಿ.

ಇನ್ನು ಮಲಗಿದಾಗಲೇ ಪಾದ ಉರಿದು ನೋಯುವುದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಕಮ್ಮಿಯಾಗುವುದು. ಇದು ಶುರುವಿನ ಲಕ್ಷಣ ಅಲ್ಲ, ಬಹಳ ಮುಂದುವರಿದದ್ದು. ಕುರ್ಚಿಯಲ್ಲೇ ಕೂತು ನಿದ್ದೆ ಮಾಡಲು ಶುರು ಮಾಡಿದ್ದಾರೆ ಅಂದರೆ ಅದೇ ವಾರ ವ್ಯಾಸ್ಕ್ಯುಲರ್ ಸರ್ಜನ್‌ಗೆ ತೋರಿಸಿ.

ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಧಮನಿಯನ್ನು ಸಿರೆಗೆ ಜೋಡಿಸಿದ್ದು, ಇರುವ ಕೈಯನ್ನೂ ನೋಡಿ. ಆ ಕೈಯ ಬೆರಳು ತಣ್ಣಗಾಗುವುದು, ಡಯಾಲಿಸಿಸ್ ನಡೆಯುವಾಗ ನೋಯುವುದು, ಬೆರಳ ತುದಿ ಕಪ್ಪಾಗುವುದು ಕಂಡರೆ ಫಿಸ್ಟುಲಾ ರಕ್ತವನ್ನು ಅಡ್ಡದಾರಿಗೆ ಎಳೆಯುತ್ತಿದೆ, ಕೆಳಗಿನ ನಾಳವೂ ಸರಿಯಿಲ್ಲ ಎಂಬ ಸೂಚನೆ. ಮೊಣಕೈ ಬಳಿ ಫಿಸ್ಟುಲಾ ಮಾಡಿದ ಸಕ್ಕರೆ ಕಾಯಿಲೆಯವರಲ್ಲಿ ಇದು ಜಾಸ್ತಿ.

ಎಬಿಐ: ಕಾಲಿನ ಬಿಪಿ, ಕೈಯ ಬಿಪಿ

ಟೆಸ್ಟ್‌ಗಳಲ್ಲಿ ಮೊದಲು ಕೇಳಬೇಕಾದದ್ದು ಇದು. ಪೂರ್ತಿ ಹೆಸರು ಆ್ಯಂಕಲ್ ಬ್ರೇಕಿಯಲ್ ಇಂಡೆಕ್ಸ್. ಸೂಜಿ ಇಲ್ಲ, ನೋವಿಲ್ಲ. ಪೇಷಂಟ್ ಹತ್ತು ನಿಮಿಷ ಸುಮ್ಮನೆ ಮಲಗಿರಬೇಕು. ಆಮೇಲೆ ಪಾದದ ಗಂಟಿನ ಮೇಲೆ ಬಿಪಿ ಪಟ್ಟಿ ಕಟ್ಟಿ, ಪಾದಕ್ಕೆ ಜೆಲ್ ಹಚ್ಚಿ, ಪೆನ್ನಿನಂಥ ಡಾಪ್ಲರ್ ಇಡುತ್ತಾರೆ. ಶೂ... ಶೂ... ಎಂದು ರಕ್ತ ಹರಿಯುವ ಸದ್ದು ಬರುತ್ತದೆ. ಪಟ್ಟಿಗೆ ಗಾಳಿ ತುಂಬುತ್ತಾ ಹೋದರೆ ಸದ್ದು ನಿಲ್ಲುತ್ತದೆ. ನಿಧಾನ ಗಾಳಿ ಬಿಟ್ಟಾಗ ಸದ್ದು ಮರಳುವ ಅಂಕಿಯೇ ಕಾಲಿನ ಒತ್ತಡ. ಪಾದದ ಎರಡು ನಾಡಿಗಳಲ್ಲಿ ಜಾಸ್ತಿ ಬಂದದ್ದನ್ನು ತೆಗೆದುಕೊಂಡು ಕೈಯ ಒತ್ತಡದಿಂದ ಭಾಗಿಸುತ್ತಾರೆ. ಕೈಯಲ್ಲಿ 150, ಕಾಲಿನಲ್ಲಿ 120 ಬಂದರೆ ಎಬಿಐ 0.8.

1.0ರಿಂದ 1.4ರ ಒಳಗೆ ಇದ್ದರೆ ಸರಿ. 0.9 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಕಾಲಿನ ನಾಳ ಕಿರಿದಾಗಿದೆ. ನಡುವಿನ 0.91ರಿಂದ 0.99 ಅನುಮಾನದ ಜಾಗ. 1.4 ದಾಟಿದರೆ?

ಇಲ್ಲೇ ಡಯಾಲಿಸಿಸ್‌ನವರು ಮೋಸ ಹೋಗುವುದು. 1.4 ದಾಟಿದರೆ "ಕಾಲಿನಲ್ಲಿ ರಕ್ತ ಚೆನ್ನಾಗಿ ಓಡುತ್ತಿದೆ" ಎಂದಲ್ಲ. ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಗಟ್ಟಿಯಾದ್ದರಿಂದ ಪಟ್ಟಿ ಅದನ್ನು ಒತ್ತಲು ಆಗುತ್ತಿಲ್ಲ. ರಬ್ಬರ್ ನಳಿಗೆಯ ಬದಲು ಕಬ್ಬಿಣದ ಪೈಪಿಗೆ ಪಟ್ಟಿ ಕಟ್ಟಿದ ಹಾಗೆ. ಮುಳ್ಳು 250ಕ್ಕೆ ಹೋದರೂ ಶೂ ಸದ್ದು ನಿಲ್ಲುವುದಿಲ್ಲ. ಇದನ್ನು ನೋಡಿದ ಮನೆಯವರು ಖುಷಿ ಪಡುತ್ತಾರೆ, "ಇಷ್ಟು ಪ್ರೆಶರ್ ಇದೆ" ಅಂತ. ಖುಷಿ ಪಡುವ ವಿಷಯ ಅಲ್ಲ. ತುಂಬಾ ಕಮ್ಮಿ ಬಂದವರಷ್ಟೇ ಇವರಿಗೂ ಹೃದಯದ ಅಪಾಯ ಇದೆ. ಇನ್ನೂ ಸೂಕ್ಷ್ಮ ಏನೆಂದರೆ, ನಾಳ ಕಿರಿದೂ ಆಗಿ ಗಟ್ಟಿಯೂ ಆಗಿದ್ದರೆ ಒಂದು ತಪ್ಪು ಇನ್ನೊಂದನ್ನು ಮುಚ್ಚಿ 1.1 ಎಂಬ ಮುದ್ದಾದ ನಾರ್ಮಲ್ ಅಂಕಿ ಬರಬಹುದು.

ಹಾಗಾಗಿ ನನ್ನ ಮಾತು ಕೇಳಿ: ಬರೀ ಎಬಿಐಗೆ ನಿಲ್ಲಬೇಡಿ, ಕಾಲ್ಬೆರಳಿನ ಒತ್ತಡವನ್ನೂ ಅಳೆಯಲು ಹೇಳಿ. ಹೆಬ್ಬೆರಳಿಗೆ ಸಣ್ಣ ಪಟ್ಟಿ ಹಾಕಿ ಅಳೆಯುವುದು. ಅದನ್ನು ಕೈಯ ಒತ್ತಡದಿಂದ ಭಾಗಿಸಿದರೆ ಬರುವುದು ಟಿಬಿಐ, ಟೋ ಬ್ರೇಕಿಯಲ್ ಇಂಡೆಕ್ಸ್. ಬೆರಳಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುವುದು ಕಮ್ಮಿ, ಆದ್ದರಿಂದ ಅಂಕಿ ಹೆಚ್ಚು ನಿಜ ಹೇಳುತ್ತದೆ. 0.7ಕ್ಕಿಂತ ಕಮ್ಮಿ ಬಂದರೆ ಕಾಯಿಲೆ ಇದೆ. ಮೇಲಿನ ಉದಾಹರಣೆಯಲ್ಲೇ ಬೆರಳಿನ ಒತ್ತಡ 75 ಬಂದರೆ ಟಿಬಿಐ 0.5. ಬೆರಳಿನ ಒತ್ತಡ 30ಕ್ಕಿಂತ ಕೆಳಗಿದ್ದರೆ ಅಲ್ಲಿ ಆದ ಗಾಯ ತಾನಾಗಿ ಮಾಯುವುದು ಬಹಳ ಕಷ್ಟ. ಎಬಿಐ ಮಾಡುವ ಎಲ್ಲ ಕಡೆ ಬೆರಳಿನ ಪಟ್ಟಿ ಇರುವುದಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಫೋನಿನಲ್ಲಿ ಕೇಳಿ: "ಟೋ ಪ್ರೆಶರ್ ಹೋತಾ ಹೈ ಕ್ಯಾ?"

ಯಾವ ದಿನ ಮಾಡಿಸಬೇಕು? ಡಯಾಲಿಸಿಸ್ ಇಲ್ಲದ ದಿನ, ಇಲ್ಲದಿದ್ದರೆ ಡಯಾಲಿಸಿಸ್‌ಗೆ ಕೂರುವ ಮುಂಚೆ. ನೀರು ತೆಗೆದು ಬಿಪಿ ಇಳಿದಿರುವಾಗ ಬೇಡ. ವರ್ಷ ಬಿಟ್ಟು ಮತ್ತೆ ಮಾಡಿಸುವಾಗ ಅದೇ ಹೊತ್ತಿಗೆ ಮಾಡಿಸಿದರೆ ಹೋಲಿಸಲು ಅನುಕೂಲ.

ಕೈಯ ಬಿಪಿ ಫಿಸ್ಟುಲಾ ಇಲ್ಲದ ಕೈಯಲ್ಲಿ ಮಾತ್ರ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಈಗ ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲೂ ಎರಡು ಕೈ ಎರಡು ಕಾಲಿಗೆ ಒಟ್ಟಿಗೇ ಪಟ್ಟಿ ಕಟ್ಟುವ ಮೆಷಿನ್ ಬಂದಿದೆ. ಕಟ್ಟುವ ಹುಡುಗನಿಗೆ ನಿಮ್ಮ ಫಿಸ್ಟುಲಾ ಗೊತ್ತಿರುವುದಿಲ್ಲ. "ಇಸ್ ಹಾಥ್ ಮೇ ಫಿಸ್ಟುಲಾ ಹೈ, ಬಿಪಿ ದೂಸ್ರೇ ಹಾಥ್ ಮೇ ಲೀಜಿಯೇ" ಎಂದು ಮೊದಲೇ ಹೇಳಿಬಿಡಿ. ಎರಡೂ ಕೈಯಲ್ಲಿ ಫಿಸ್ಟುಲಾ ಆಗಿದ್ದರೆ ಎಲ್ಲಿ ಅಳೆಯಬೇಕೆಂದು ನಿಮ್ಮ ಕಿಡ್ನಿ ಡಾಕ್ಟರೇ ಹೇಳಲಿ.

ಡಾಪ್ಲರ್ ರಿಪೋರ್ಟ್ ಓದುವುದು

ಎಬಿಐ, ಟಿಬಿಐ ಕೆಟ್ಟಿದ್ದರೆ ಮುಂದಿನದು ಕಾಲಿನ ಆರ್ಟೀರಿಯಲ್ ಡಾಪ್ಲರ್, ಅಂದರೆ ಧಮನಿಯಲ್ಲಿ ರಕ್ತದ ಹರಿವು ನೋಡುವ ಸೊನೋಗ್ರಫಿ. ಬರೆಸುವಾಗ "ಆರ್ಟೀರಿಯಲ್" ಎಂದೇ ಬರೆಸಿ. ವೀನಸ್ ಡಾಪ್ಲರ್ ಬೇರೆ, ಅದು ಸಿರೆಯದ್ದು, ಅದರಲ್ಲಿ ಧಮನಿ ನೋಡುವುದಿಲ್ಲ. ತಪ್ಪು ಟೆಸ್ಟ್ ಮಾಡಿಸಿಕೊಂಡು ಬರುವವರು ಬೇಕಾದಷ್ಟು.

ರಿಪೋರ್ಟ್‌ನಲ್ಲಿ ಮೂರು ಪದ ಹುಡುಕಿ. "ಟ್ರೈಫೇಸಿಕ್" ಇದ್ದರೆ ಹರಿವು ಚೆನ್ನಾಗಿದೆ. "ಬೈಫೇಸಿಕ್" ಇದ್ದರೆ ಪರವಾಗಿಲ್ಲ, ವಯಸ್ಸಾದವರಲ್ಲಿ ಬರುತ್ತದೆ. "ಮೊನೋಫೇಸಿಕ್" ಇದ್ದರೆ ಅದಕ್ಕಿಂತ ಮೇಲೆಲ್ಲೋ ಅಡ್ಡಿ ಇರುವ ಸಾಧ್ಯತೆ ಹೆಚ್ಚು. ಡಯಾಲಿಸಿಸ್‌ನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಮಂಡಿಯ ಕೆಳಗಿನ ಸಣ್ಣ ನಾಳಗಳೇ ಹೆಚ್ಚು ಕೆಡುತ್ತವೆ. ತೊಡೆಯವರೆಗೆ ಟ್ರೈಫೇಸಿಕ್, ಕಣಕಾಲಿನಲ್ಲಿ ಮೊನೋಫೇಸಿಕ್ ಎನ್ನುವ ರಿಪೋರ್ಟ್ ನಮ್ಮಲ್ಲಿ ಮಾಮೂಲು. ಕೊನೆಯ ಸಾಲಿನವರೆಗೆ ಓದಿ.

ಸಿಟಿ ಆ್ಯಂಜಿಯೋ (ನಾಳಕ್ಕೆ ಬಣ್ಣದ ಔಷಧಿ ಹಾಕಿ ತೆಗೆಯುವ ಸಿಟಿ) ಮಾಡಿಸಿ ಅಂದರೆ ಎರಡು ಪ್ರಶ್ನೆ ಕೇಳಿ. ಇನ್ನೂ ಮೂತ್ರ ಬರುತ್ತಿರುವವರಿಗೆ ಬಣ್ಣದ ಔಷಧಿಯಿಂದ ಉಳಿದ ಆ ಅಷ್ಟು ಕೆಲಸವೂ ಹೋದೀತು, ಇದು ಈಗಲೇ ಬೇಕೇ? ಸುಣ್ಣ ಜಾಸ್ತಿ ಇರುವ ನಾಳದಲ್ಲಿ ಸಿಟಿ ಚಿತ್ರ ಸರಿ ಬರುತ್ತದೆಯೇ? ಎಂಆರ್‌ಐ ಆದರೆ ಗ್ಯಾಡೋಲಿನಿಯಂ ಔಷಧಿ ಹಾಕುವ ಮೊದಲು ಡಯಾಲಿಸಿಸ್ ಪೇಷಂಟ್ ಎಂದು ಹೇಳಲೇಬೇಕು. ಹಳೆಯ ಬಗೆಯ ಗ್ಯಾಡೋಲಿನಿಯಂನಿಂದ ಕಿಡ್ನಿ ಇಲ್ಲದವರ ಚರ್ಮ ಗಟ್ಟಿಯಾಗುವ ಕೆಟ್ಟ ಕಾಯಿಲೆ ಬಂದದ್ದಿದೆ.

ಹೃದಯದ ಕಡೆ

ಕಾಲಿನಲ್ಲಿ ಸಿಕ್ಕಿದರೆ ಹೃದಯದಲ್ಲೂ ಇರಬಹುದು ಎಂದೇ ಹಿಡಿಯಿರಿ. ಡಯಾಲಿಸಿಸ್ ಶುರುವಾಗಿ ಡ್ರೈ ವೇಟ್ (ಮೈಯಲ್ಲಿನ ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ಒಂದು ಹದಕ್ಕೆ ಬಂದ ಮೇಲೆ, ಅಂದರೆ ಒಂದರಿಂದ ಮೂರು ತಿಂಗಳೊಳಗೆ ಒಂದು ಎಕೋ, ಆಮೇಲೆ ಮೂರು ವರ್ಷಕ್ಕೊಮ್ಮೆ ಎನ್ನುವುದು ಅಮೆರಿಕದ ಕಿಡ್ನಿ ಮಾರ್ಗಸೂಚಿಯ ಸಲಹೆ. ಎಕೋವನ್ನು ನೀರು ತುಂಬಿಕೊಂಡಿರುವ ದಿನ ಮಾಡಿಸಿದರೆ ಹೃದಯ ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಡಯಾಲಿಸಿಸ್ ಆದ ಮರುದಿನ ಒಳ್ಳೆಯದು.

ಟ್ರೆಡ್‌ಮಿಲ್ ಟೆಸ್ಟ್ ಇವರಿಗೆ ಹೆಚ್ಚಾಗಿ ಉಪಯೋಗಕ್ಕೆ ಬರುವುದಿಲ್ಲ. ಬೇಕಾದಷ್ಟು ಓಡಲು ಆಗುವುದಿಲ್ಲ, ಇಸಿಜಿ ಮೊದಲೇ ಸರಿ ಇರುವುದಿಲ್ಲ. ಔಷಧಿ ಕೊಟ್ಟು ಮಾಡುವ ಸ್ಟ್ರೆಸ್ ಎಕೋ ಅಥವಾ ಸ್ಟ್ರೆಸ್ ಥಾಲಿಯಂ ಬಗೆಯ ಸ್ಕ್ಯಾನ್ ಮೇಲು. ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಡಯಾಲಿಸಿಸ್‌ನವರಲ್ಲಿ ಸದಾ ಸ್ವಲ್ಪ ಏರಿಯೇ ಇರುತ್ತದೆ. ಒಂದು ಅಂಕಿ ನೋಡಿ ಹಾರ್ಟ್ ಅಟ್ಯಾಕ್ ಎಂದು ತೀರ್ಮಾನ ಮಾಡುವ ಹಾಗಿಲ್ಲ. ಗಂಟೆಗಳ ಅಂತರದಲ್ಲಿ ಎಷ್ಟು ಬದಲಾಯಿತು ಎನ್ನುವುದು ಮುಖ್ಯ. ಹಳೆಯ ಟ್ರೋಪೋನಿನ್ ರಿಪೋರ್ಟ್ ಇದ್ದರೆ ಬಿಸಾಡಬೇಡಿ.

ಕುರ್ಚಿಯಲ್ಲಿ ಕೂತಾಗ ಕಾಣುವ ಲಕ್ಷಣ ಯಾವ ಟೆಸ್ಟಿಗಿಂತ ಕಮ್ಮಿ ಅಲ್ಲ. ನೀರು ಅಷ್ಟೇನೂ ತೆಗೆಯದಿದ್ದರೂ ಮತ್ತೆ ಮತ್ತೆ ಬಿಪಿ ಬೀಳುವುದು, ಎದೆ ಭಾರ, ದವಡೆ ನೋವು, ಸುಮ್ಮನೆ ಬೆವರುವುದು. ಆಗಲೇ ನಮಗೆ ಹೇಳಿ. ಗ್ಯಾಸ್ ಅಂತ ಸುಮ್ಮನಿದ್ದು, ಮನೆಗೆ ಹೋಗಿ ಆಂಟಾಸಿಡ್ ಕುಡಿಯುವುದು ಬೇಡ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಡಯಾಲಿಸಿಸ್‌ನವರಿಗೆ ಆಗುವುದೂ ಇಲ್ಲ.

ಕಿಡ್ನಿ ಕಸಿಗೆ ಮುಂಬೈಯ ಅಂಗಾಂಗ ಕಸಿ ಸಮನ್ವಯ ಕೇಂದ್ರವಾದ ಝಡ್‌ಟಿಸಿಸಿ ಪಟ್ಟಿಯಲ್ಲಿ ಹೆಸರು ಹಾಕಿಸುವವರಿಗೆ ಈ ಪರೀಕ್ಷೆಗಳೆಲ್ಲ ಹೇಗೂ ಬರುತ್ತವೆ. ಹೊಸ ಕಿಡ್ನಿಯ ನಾಳವನ್ನು ಹೊಲಿಯುವುದು ಕಿಬ್ಬೊಟ್ಟೆಯ ಇಲಿಯಾಕ್ ಧಮನಿಗೆ. ಅಲ್ಲಿ ಸುತ್ತಲೂ ಸುಣ್ಣ ಕಟ್ಟಿದ್ದರೆ ಸೂಜಿ ಹೋಗಲು ಜಾಗ ಇರುವುದಿಲ್ಲ. ಅದಕ್ಕೇ ಸರ್ಜನ್ ಬಣ್ಣ ಹಾಕದ ಸಿಟಿ ಕೇಳುತ್ತಾರೆ. ಕಸಿಗೆ ವರ್ಷಗಟ್ಟಲೆ ಕಾಯುವವರು ಈ ನಡುವೆ ನಾಳ ಕೆಡದ ಹಾಗೆ ನೋಡಿಕೊಳ್ಳಬೇಕು.

ಸಿಕ್ಕಿದರೆ ಮುಂದೇನು

ರಕ್ತನಾಳದ ಕಾಯಿಲೆ ಇದೆ ಎಂದು ಗೊತ್ತಾದ ಕೂಡಲೇ ಸ್ಟೆಂಟ್ ಹಾಕಿಸಲು ಓಡಬೇಡಿ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ-ಸಿಕೆಡಿ ಅಧ್ಯಯನದಲ್ಲಿ ಕಿಡ್ನಿ ಬಹಳ ಕೆಟ್ಟಿದ್ದ 777 ಜನರಿದ್ದರು, ಅರ್ಧದಷ್ಟು ಮಂದಿ ಡಯಾಲಿಸಿಸ್‌ನವರೇ. ಹೃದಯಕ್ಕೆ ರಕ್ತ ಕಮ್ಮಿ ಇದ್ದರೂ ಸ್ಥಿರವಾಗಿದ್ದವರಲ್ಲಿ, ಮೊದಲೇ ಆ್ಯಂಜಿಯೋಗ್ರಫಿ ಮಾಡಿ ನಾಳ ತೆರೆದದ್ದರಿಂದ ಸಾವು ಅಥವಾ ಹಾರ್ಟ್ ಅಟ್ಯಾಕ್ ಕಮ್ಮಿಯಾಗಲಿಲ್ಲ. ಎದೆನೋವು ಏರುತ್ತಿರುವವರ ಮಾತು ಬೇರೆ. ಕೊಲೆಸ್ಟರಾಲ್ ಮಾತ್ರೆಯದ್ದೂ ಹಾಗೆಯೇ: ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಡಿ, ಆದರೆ ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಶುರು ಮಾಡುವುದನ್ನು ಕೆಡಿಗೋ ಸಲಹೆ ಮಾಡುವುದಿಲ್ಲ. ಹಾಗಾದರೆ ಹುಡುಕಿ ಏನು ಪ್ರಯೋಜನ ಅನ್ನಬೇಡಿ. ಪಾದ ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಫಾಸ್ಫರಸ್ ಕಡೆ ಗಟ್ಟಿಯಾಗಿ ಗಮನ ಕೊಡಿ. ಅಮೆರಿಕದ ಹಳೆಯ ಗುರಿ 3.5ರಿಂದ 5.5. ಕೆಡಿಗೋ ಹೇಳುವುದು ಆದಷ್ಟು ನಾರ್ಮಲ್ ಕಡೆಗೆ ತನ್ನಿ ಎಂದು. ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಜೊತೆಯಲ್ಲೇ ನೋಡಬೇಕು. ಫಾಸ್ಫರಸ್ ಹಿಡಿಯುವ ಮಾತ್ರೆಯನ್ನು (ಬೈಂಡರ್) ಊಟದ ಜೊತೆಯಲ್ಲೇ ತಿನ್ನಬೇಕು. ಊಟವಾಗಿ ಎರಡು ಗಂಟೆಗೆ ನುಂಗಿದರೆ ದುಡ್ಡು ದಂಡ. ಕ್ಯಾಲ್ಸಿಯಂ ಇರುವ ಬೈಂಡರ್ ತೆಗೆದುಕೊಳ್ಳುತ್ತಿದ್ದು, ನಾಳದಲ್ಲಿ ಸುಣ್ಣ ಕಂಡಿದ್ದರೆ ಸೆವೆಲಮರ್‌ನಂಥದ್ದಕ್ಕೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಊಟದಲ್ಲಿ ಬೇಳೆಕಾಳಿನ ಫಾಸ್ಫರಸ್ ಪೂರ್ತಿ ಮೈಗೆ ಹತ್ತುವುದಿಲ್ಲ, ಆದರೆ ಪ್ಯಾಕೆಟ್ ತಿಂಡಿ, ಕೋಲಾ, ಪ್ರೊಸೆಸ್ಡ್ ಚೀಸ್‌ಗೆ ಹಾಕುವ ಫಾಸ್ಫೇಟ್ ಹೆಚ್ಚುಕಮ್ಮಿ ಪೂರ್ತಿ ಹತ್ತುತ್ತದೆ. ಚೀಸ್ ಪಾವ್‌ಭಾಜಿಯ ಮೇಲೆ ಕೋಲಾ ಕುಡಿದು, ಮನೆಯ ತೊವ್ವೆ ಬಿಟ್ಟದ್ದಕ್ಕೆ ಬೀಗುವವರಿದ್ದಾರೆ! ನಮ್ಮ ಕರಾವಳಿಯವರಿಗೆ ಒಣಮೀನಿನ ಮೋಹ. ಅದರಲ್ಲಿ ಉಪ್ಪೂ ಫಾಸ್ಫರಸ್ಸೂ ಎರಡೂ.

ಬೀಡಿ, ಸಿಗರೇಟು ಮಾತ್ರ ಅಲ್ಲ, ಎಲೆಯಡಿಕೆಯ ಹೊಗೆಸೊಪ್ಪು, ಗುಟ್ಕಾ, ಇಲ್ಲಿ ಕೆಲವು ಹೆಂಗಸರು ಹಲ್ಲಿಗೆ ತಿಕ್ಕುವ ಮಶೇರಿ, ಎಲ್ಲವೂ ಬಿಡಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುತ್ತಿರುವವರು ನಾಳದ ಸುಣ್ಣದ ವಿಷಯ ಡಾಕ್ಟರ ಕಿವಿಗೆ ಹಾಕಿ. ಅದು ವಿಟಮಿನ್ ಕೆ ಕೆಲಸವನ್ನು ತಡೆಯುತ್ತದೆ, ಸುಣ್ಣ ಕಟ್ಟದಂತೆ ಕಾಯುವ ಒಂದು ಪ್ರೋಟೀನಿಗೆ ಆ ವಿಟಮಿನ್ ಬೇಕು. ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಬೇಕೇ ಎನ್ನುವುದೂ ಅವರದೇ ತೀರ್ಮಾನ, ಯಾಕೆಂದರೆ ಇವರಿಗೆ ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೂಡ ಹೋಗುತ್ತಿರುತ್ತದೆ. ನೋವು ಬರುವವರೆಗೆ ನಡೆ, ನಿಲ್ಲು, ಮತ್ತೆ ನಡೆ ಎನ್ನುವ ನಡಿಗೆ ಒಳ್ಳೆಯ ಔಷಧಿ. ಪಾದದಲ್ಲಿ ಗಾಯ ಇಲ್ಲದಿದ್ದರೆ ಮಾತ್ರ.

ಖರ್ಚಿನ ಮಾತು. ಪರೇಲ್‌ನ ಕೆಇಎಂ, ಸಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳ ಒಪಿಡಿಯಲ್ಲಿ ಕಾಯುವ ತಾಳ್ಮೆ ಇದ್ದರೆ ಕಮ್ಮಿಯಲ್ಲಿ ಆಗುತ್ತದೆ. ಕೇಸ್ ಪೇಪರ್ ಮೇಲೆ "ಡಯಾಲಿಸಿಸ್" ಎಂದು ದೊಡ್ಡದಾಗಿ ಬರೆಸಿ. ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು, ಆ್ಯಂಜಿಯೋಪ್ಲಾಸ್ಟಿಯಂಥದ್ದು ಬೇಕಾದರೆ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರ ಮೇಜಿಗೆ ಹೋಗಿ ವಿಚಾರಿಸಿ. ಮುಂಗಡ ಕಟ್ಟಿದ ಮೇಲೆ ವಿಚಾರಿಸಿದರೆ ತಡವಾಗುತ್ತದೆ.

ಕಾಯದೆ ಹೋಗಬೇಕಾದ ಸಂದರ್ಭವೂ ಇದೆ. ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಸಹಿಸಲಾಗದ ನೋವು ಬಂದು, ಬೆರಳು ಆಡಿಸಲು ಆಗದಿದ್ದರೆ ನಾಳ ಪೂರ್ತಿ ಮುಚ್ಚಿದೆ. ಕೈಯಲ್ಲಿರುವುದು ಕೆಲವೇ ಗಂಟೆ. ಬೆರಳು ಕಪ್ಪಾಗಿ ವಾಸನೆ ಬರುತ್ತಿದ್ದರೆ, ತೊಡೆ ಅಥವಾ ಹೊಟ್ಟೆಯ ಮೇಲೆ ಮುಟ್ಟಿದರೆ ಜೀವ ಹೋಗುವ ನೋವಿನ ನೇರಳೆ ಕಲೆ ಎದ್ದರೆ ಅದೇ ದಿನ ತೋರಿಸಿ. ಮಹಾರಾಷ್ಟ್ರದಲ್ಲಿ ಆಂಬುಲೆನ್ಸ್‌ಗೆ 108. ಬಂದವರಿಗೆ ಡಯಾಲಿಸಿಸ್ ಪೇಷಂಟ್ ಎಂದು ಮೊದಲೇ ಹೇಳಿ, ಫಿಸ್ಟುಲಾ ಕೈ ಯಾವುದೆಂದು ತೋರಿಸಿ. ಸಲೈನ್ ಚುಚ್ಚುವುದು, ಬಿಪಿ ನೋಡುವುದು ಆ ಕೈಯಲ್ಲಿ ಬೇಡ.